ಒಂದೇ ಗಾಳಿ, ಎರಡು ಲೆಕ್ಕ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1922ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತರೆಂದು ದಾಖಲಾದವರು 612 ಮಂದಿ. 1947ರಲ್ಲಿ ಅದೇ ಲೆಕ್ಕ 9,287. ಇಪ್ಪತ್ತೈದು ವರ್ಷಗಳಲ್ಲಿ ಸುಮಾರು ಹದಿನೈದು ಪಟ್ಟು ಏರಿಕೆ! ಜನಸಂಖ್ಯೆಯೇನೂ ಅಷ್ಟು ಬೆಳೆದಿರಲಿಲ್ಲ. ಎಕ್ಸ್-ಕಿರಣ ಯಂತ್ರಗಳು ಬಂದು ರೋಗ ಪತ್ತೆ ಮಾಡುವುದು ಸುಧಾರಿಸಿತ್ತು, ನಿಜ. ಮೊದಲು ಬೇರೆ ಹೆಸರಿನಲ್ಲಿ ದಾಖಲಾಗುತ್ತಿದ್ದ ಕೆಲವು ಸಾವುಗಳು ಈಗ ಸರಿಯಾದ ಹೆಸರಿನಲ್ಲಿ ದಾಖಲಾಗುತ್ತಿದ್ದವು. ಆದರೆ ಅದೊಂದರಿಂದಲೇ ಇಷ್ಟು ದೊಡ್ಡ ಏರಿಕೆಯನ್ನು ವಿವರಿಸುವುದು ಕಷ್ಟವಾಗಿತ್ತು. ಜೊತೆಗೆ ಇನ್ನೊಂದು ವಿಚಿತ್ರವಿತ್ತು. ಸತ್ತವರಲ್ಲಿ ಬಹುಪಾಲು ಗಂಡಸರು.

ಅದೇ ಅವಧಿಯಲ್ಲಿ ಬ್ರಿಟನ್ನಿನ ರಸ್ತೆಗಳ ರೂಪವೂ ಬದಲಾಗಿತ್ತು. ಕುದುರೆಗಾಡಿಗಳ ಜಾಗಕ್ಕೆ ಮೋಟಾರು ವಾಹನಗಳು ಬಂದಿದ್ದವು, ಜಲ್ಲಿ ರಸ್ತೆಗಳಿಗೆ ಟಾರು ಬಳಿಯಲಾಗಿತ್ತು. ಟಾರಿನ ಮೇಲೆ ಅನುಮಾನ ಬರಲು ಬಲವಾದ ಕಾರಣವೇ ಇತ್ತು. ಹೊಗೆಗೂಡು ಗುಡಿಸುವವರಿಗೆ ಮಸಿಯಿಂದ ವೃಷಣ ಚೀಲದ ಕ್ಯಾನ್ಸರ್ ಬರುವುದನ್ನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಗುರುತಿಸಿದ್ದ. ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲಗಳ ಕಿವಿಗೆ ಕಲ್ಲಿದ್ದಲ ಟಾರನ್ನು ತಿಂಗಳುಗಟ್ಟಲೆ ಬಳಿದು ಕ್ಯಾನ್ಸರ್ ಬರಿಸಿ ತೋರಿಸಿದ್ದರು. ಅವರ ವರದಿ ಬಂದದ್ದು 1915ರಲ್ಲಿ. ಟಾರಿನೊಳಗಿನ ಅಪರಾಧಿಗಳಲ್ಲಿ ಮುಖ್ಯವಾದ ಬೆಂಜೊಪೈರೀನ್ ಎಂಬ ಹೈಡ್ರೊಕಾರ್ಬನ್ನನ್ನು 1933ರಲ್ಲಿ ಲಂಡನ್ನಿನಲ್ಲೇ ಬೇರ್ಪಡಿಸಿದ್ದರು. ವಾಹನದ ಹೊಗೆಯಲ್ಲಿ ಇದೂ ಇದರ ಬಂಧುಗಳೂ ಇರುತ್ತವೆ. ಹಾಗಾಗಿ ಹೊಗೆ ಉಗುಳುವ ಮೋಟಾರು ಮತ್ತು ಅದು ಓಡುವ ಟಾರು ರಸ್ತೆ ಎರಡನ್ನೂ ಸಂಶಯಿಸಿದ್ದು ಸಹಜವೇ ಆಗಿತ್ತು.

ಇದನ್ನು ಪರೀಕ್ಷಿಸಲು ಹೊರಟವರು ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಮತ್ತು ಯುವ ವೈದ್ಯ ರಿಚರ್ಡ್ ಡಾಲ್. ತನಿಖೆ ಶುರುವಾದಾಗ ತನ್ನ ಅನುಮಾನವಿದ್ದದ್ದು ಸಿಗರೇಟಿನ ಮೇಲಲ್ಲ, ರಸ್ತೆಯ ಟಾರಿನ ಮೇಲೆ ಎಂದು ಡಾಲ್ ಮುಂದೆ ನೆನಪಿಸಿಕೊಂಡದ್ದುಂಟು. ಲಂಡನ್ನಿನ 20 ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿದ್ದ 709 ಮಂದಿಯನ್ನು ವಿಚಾರಿಸಿದರು. ಪ್ರತಿಯೊಬ್ಬರಿಗೂ ಅದೇ ಲಿಂಗದ, ಅದೇ ವಯೋಮಾನದ, ಆದರೆ ಬೇರೆ ಕಾಯಿಲೆಯ ಇನ್ನೊಬ್ಬ ರೋಗಿಯನ್ನು ಜೋಡಿಯಾಗಿ ಆರಿಸಿ ಅವೇ ಪ್ರಶ್ನೆಗಳನ್ನು ಕೇಳಿದರು. ಫಲಿತಾಂಶ 1950ರ ಸೆಪ್ಟೆಂಬರ್ 30ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಕ್ಯಾನ್ಸರಿದ್ದ 649 ಗಂಡಸರಲ್ಲಿ ಧೂಮಪಾನ ಮಾಡದವರು ಇಬ್ಬರೇ. ಜೋಡಿ ಗುಂಪಿನಲ್ಲಿ 27 ಮಂದಿ. ಡಾಲ್ ಅಧ್ಯಯನ ಮುಗಿಯುವ ಮೊದಲೇ ತಾನು ಸಿಗರೇಟು ಸೇದುವುದನ್ನು ಬಿಟ್ಟಿದ್ದರು!

ಮೋಟಾರು ಆರೋಪದಿಂದ ಬಿಡುಗಡೆಯಾದದ್ದು ಹೇಗೆ ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಬೀದಿಯ ಗಾಳಿಯನ್ನು ಗಂಡಸರೂ ಉಸಿರಾಡುತ್ತಾರೆ, ಹೆಂಗಸರೂ ಉಸಿರಾಡುತ್ತಾರೆ. ಗಾಳಿಯೇ ಕಾರಣವಾಗಿದ್ದರೆ ರೋಗ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಬೇಕಿತ್ತು. ಏರಿದ್ದು ಗಂಡಸರಲ್ಲಿ. ಸಿಗರೇಟಿನ ಚರಿತ್ರೆಯೋ ಈ ಅಂತರಕ್ಕೆ ಕೀಲಿ ಬೀಗದಂತೆ ಹೊಂದುತ್ತಿತ್ತು. ಬ್ರಿಟನ್ನಿನ ಗಂಡಸರು ಮೊದಲನೆಯ ಮಹಾಯುದ್ಧದ ಹೊತ್ತಿಗೆ ಸಿಗರೇಟಿಗೆ ಒಗ್ಗಿಹೋಗಿದ್ದರು. ಹೆಂಗಸರಲ್ಲಿ ಅದು ವ್ಯಾಪಕವಾದದ್ದು ಒಂದೆರಡು ದಶಕಗಳ ನಂತರ. ರೋಗ ತಲೆದೋರಲು ಇಪ್ಪತ್ತು ಮೂವತ್ತು ವರ್ಷ ಬೇಕಾದ್ದರಿಂದ ಹೆಂಗಸರ ಲೆಕ್ಕ ಹಿಂದೆ ಉಳಿದಿತ್ತು. ಆ ಲೆಕ್ಕ ಮುಂದೆ ಏರಿತು ಕೂಡ. ಅಮೆರಿಕದಲ್ಲಿ 1987ರ ಹೊತ್ತಿಗೆ ಹೆಂಗಸರನ್ನು ಕೊಲ್ಲುವ ಕ್ಯಾನ್ಸರುಗಳಲ್ಲಿ ಶ್ವಾಸಕೋಶದ್ದು ಸ್ತನದ ಕ್ಯಾನ್ಸರನ್ನೂ ಹಿಂದೆ ಹಾಕಿತು. ಅಂದರೆ ಗಂಡು-ಹೆಣ್ಣಿನ ಆ ವ್ಯತ್ಯಾಸದ ಬಹುಭಾಗ ದೇಹದ್ದಾಗಿರಲಿಲ್ಲ, ಕಾಲದ್ದಾಗಿತ್ತು. 1955ರಲ್ಲಿ ಡಾಲ್ ಹನ್ನೊಂದು ದೇಶಗಳ 1930ರ ಸಿಗರೇಟು ಬಳಕೆಯನ್ನು 1950ರ ಗಂಡಸರ ಸಾವಿನ ಪ್ರಮಾಣದ ಎದುರಿಗೆ ಇಟ್ಟು ನಕ್ಷೆ ಬರೆದರು. ಬ್ರಿಟನ್ನಿಗೆ ಹೋಲಿಸಿದರೆ ವಾಹನಗಳು ತೀರ ಕಡಿಮೆಯಿದ್ದ, ಕಾಡುಗಳೇ ತುಂಬಿದ ಫಿನ್ಲೆಂಡ್ ಆ ನಕ್ಷೆಯಲ್ಲಿ ಬ್ರಿಟನ್ನಿನ ಪಕ್ಕದಲ್ಲೇ ಮೇಲೆ ಕುಳಿತಿತ್ತು. ಸಿಗರೇಟು ಕಂಪನಿಗಳು ಮುಂದೆ ವರ್ಷಗಟ್ಟಲೆ ವಾಯುಮಾಲಿನ್ಯದ ಕಡೆಗೆ ಬೆರಳು ತೋರಿಸುತ್ತ ನುಣುಚಿಕೊಳ್ಳಲು ನೋಡಿದವು. ಅದರಿಂದಾಗಿ, ಗಾಳಿಯ ವಿಷಯ ಎತ್ತಿದವರನ್ನೇ ಅನುಮಾನದಿಂದ ನೋಡುವ ಪರಿಸ್ಥಿತಿ ಬಂತೆಂದು ನನಗನ್ನಿಸುತ್ತದೆ.

ಆದರೆ ಡಾಲ್-ಹಿಲ್ ಪ್ರಬಂಧದಲ್ಲೇ ಇನ್ನೊಂದು ಸಾಲು ಇತ್ತು. ಕ್ಯಾನ್ಸರಿದ್ದ 60 ಹೆಂಗಸರಲ್ಲಿ 19 ಮಂದಿ ಧೂಮಪಾನಿಗಳಾಗಿರಲಿಲ್ಲ. ಜೋಡಿ ಗುಂಪಿನ 60 ಹೆಂಗಸರಲ್ಲಿ ಅಂಥವರು 32. ಧೂಮಪಾನಿಗಳಲ್ಲ ಎಂದರೆ ದಿನಕ್ಕೊಂದು ಸಿಗರೇಟಿನಂತೆ ಒಂದು ವರ್ಷವಾದರೂ ಸೇದದವರು ಎಂದರ್ಥ. ಗಂಡಸರಲ್ಲಿ ಸಾವಿರಕ್ಕೆ ಮೂವರು, ಹೆಂಗಸರಲ್ಲಿ ಮೂವರಿಗೊಬ್ಬರು. ಸಿಗರೇಟು ಹೆಂಗಸರಿಗೂ ಅಪಾಯಕಾರಿ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ, ಅದರಲ್ಲಿ ಸಂಶಯವಿಲ್ಲ. ಆದರೆ ಆ 19 ಮಂದಿ ಏನನ್ನು ಉಸಿರಾಡಿದ್ದರು? ಅಡುಗೆಮನೆಯ ಕಲ್ಲಿದ್ದಲ ಹೊಗೆಯೆ? ಗಂಡನ ಸಿಗರೇಟಿನ ಹೊಗೆಯೆ? ಬೀದಿಯ ಹೊಗೆಯೆ? ಹದಿನೈದು ಪಟ್ಟು ಏರಿಕೆಯ ಮುಖ್ಯ ಕಾರಣವನ್ನು ಹುಡುಕುತ್ತಿದ್ದವರಿಗೆ ಅದು ಪಕ್ಕದ ಪ್ರಶ್ನೆಯಾಗಿತ್ತು. ಆಮೇಲೂ ಅದು ಪಕ್ಕದಲ್ಲೇ ಉಳಿಯಿತು. 1951ರಲ್ಲಿ ಡಾಲ್ ಮತ್ತು ಹಿಲ್ ಬ್ರಿಟಿಷ್ ವೈದ್ಯರ ಪ್ರಸಿದ್ಧ ಅಧ್ಯಯನ ಆರಂಭಿಸಿದಾಗ ಆರು ಸಾವಿರಕ್ಕೂ ಹೆಚ್ಚು ವೈದ್ಯೆಯರೂ ಉತ್ತರ ಕಳಿಸಿದ್ದರು. 1954ರ ಮೊದಲ ವರದಿ 35 ದಾಟಿದ ಗಂಡಸರಿಗೆ ಸೀಮಿತವಾಗಿತ್ತು. ವೈದ್ಯೆಯರ ಫಲಿತಾಂಶ ಅಚ್ಚಾದದ್ದು 1980ರಲ್ಲಿ!

"ಎಲ್ಲರೂ ಉಸಿರಾಡುವುದು ಒಂದೇ ಗಾಳಿ" ಎಂಬ ತರ್ಕದ ಬಿರುಕು ಇಲ್ಲಿದೆ. 1950ರ ಲಂಡನ್ನಿನಲ್ಲಿ ಬಸ್ ಓಡಿಸುತ್ತಿದ್ದವನು, ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚುತ್ತಿದ್ದವನು ಗಂಡಸು. ಕಲ್ಲಿದ್ದಲ ಒಲೆಯ ಮುಂದೆ ಹೆಚ್ಚು ಹೊತ್ತು ಕಳೆಯುತ್ತಿದ್ದವಳು ಹೆಂಗಸು. ನಕ್ಷೆಯಲ್ಲಿ ಒಂದೇ ಊರು, ಮೂಗಿನ ಮುಂದೆ ಬೇರೆ ಬೇರೆ ಗಾಳಿ. ಊರಿನ ಗಾಳಿಯನ್ನು ಪೂರ್ತಿ ನಿರಪರಾಧಿಯೆಂದು ಬಿಟ್ಟುಬಿಡಲಾಗದು ಎಂಬುದಕ್ಕೆ 1955ರಲ್ಲೇ ಸಾಕ್ಷ್ಯ ಬಂದಿತ್ತು. ಪರ್ಸಿ ಸ್ಟಾಕ್ಸ್ ಮತ್ತು ಜೆ. ಎಂ. ಕ್ಯಾಂಪ್‌ಬೆಲ್ ಲಿವರ್‌ಪೂಲ್ ನಗರವನ್ನೂ ಉತ್ತರ ವೇಲ್ಸ್‌ನ ಹಳ್ಳಿಗಾಡನ್ನೂ ಹೋಲಿಸಿದರು. ಗಾಳಿಯಲ್ಲಿದ್ದ ಬೆಂಜೊಪೈರೀನನ್ನೂ ಅಳೆದರು. ಧೂಮಪಾನ ಮಾಡದವರಲ್ಲೂ ಶ್ವಾಸಕೋಶದ ಕ್ಯಾನ್ಸರಿನ ಸಾವು ಹಳ್ಳಿಗಿಂತ ನಗರದಲ್ಲಿ ಹೆಚ್ಚಾಗಿ ಕಂಡಿತು. ಆಗ ನಗರದ ಹೊಗೆಯೆಂದರೆ ಬಹುಪಾಲು ಕಲ್ಲಿದ್ದಲ ಹೊಗೆಯೇ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಕವಿದು ಸಾವಿರಾರು ಜನರನ್ನು ಕೊಂದದ್ದು ಅದೇ ಹೊಗೆ. 1956ರ ಶುದ್ಧ ವಾಯು ಕಾಯಿದೆ ಹಿಡಿದದ್ದೂ ಮನೆ ಮತ್ತು ಕಾರ್ಖಾನೆಗಳ ಹೊಗೆಯನ್ನೇ. ಲಂಡನ್ನಿನ ಕೊನೆಯ ಹಳೆಯ ಟ್ರಾಮುಗಳು ನಿಂತು ಡೀಸೆಲ್ ಬಸ್ಸುಗಳು ಆ ದಾರಿ ಹಿಡಿದದ್ದು 1952ರ ಜುಲೈನಲ್ಲಿ ಎಂಬುದನ್ನು ಆಗ ಹೆಚ್ಚಿನವರು ಆರೋಗ್ಯದ ಸುದ್ದಿಯಾಗಿ ಓದಿರಲಾರರು.

ವಾಹನವನ್ನು ರೋಗದ ದಾರಿಯಿಂದಲ್ಲ, ರಸಾಯನಶಾಸ್ತ್ರದ ದಾರಿಯಿಂದ ಹಿಡಿದದ್ದು ಅಮೆರಿಕದ ಲಾಸ್ ಏಂಜಲೀಸ್. ಅಲ್ಲಿ 1943ರ ಬೇಸಗೆಯಿಂದ ಕಣ್ಣುರಿಸುವ ಮಬ್ಬು ಕವಿಯತೊಡಗಿತ್ತು. ಅನಾನಸಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದ ರಸಾಯನ ವಿಜ್ಞಾನಿ ಏರಿ ಹಾಗನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ಅದರ ಗುಟ್ಟು ಬಿಡಿಸಿದರು: ವಾಹನ ಮತ್ತು ತೈಲ ಸಂಸ್ಕರಣಾಗಾರಗಳಿಂದ ಬಂದ ಹೈಡ್ರೊಕಾರ್ಬನ್‌ಗಳು ಹಾಗೂ ನೈಟ್ರೊಜನ್ನಿನ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಓಜೋನ್ ಹುಟ್ಟಿಸುತ್ತವೆ. ಓಜೋನನ್ನು ಅಳೆಯಲು ಅವರ ಬಳಿ ಇದ್ದ ಸಾಧನಗಳಲ್ಲೊಂದು ಬಾಗಿಸಿ ಹಿಡಿದ ರಬ್ಬರಿನ ತುಂಡು. ಓಜೋನ್ ಹೆಚ್ಚಾದಷ್ಟೂ ಅದು ಬೇಗ ಬಿರುಕು ಬಿಡುತ್ತದೆ.

ಡೀಸೆಲ್ ಹೊಗೆಯ ವಿಚಾರಣೆಯಾದರೋ ಗಂಡಸರ ಮೇಲೆಯೇ ನಡೆಯಿತು. ದಿನವಿಡೀ ಆ ಹೊಗೆಯಲ್ಲಿ ದುಡಿಯುವವರು ಅವರೇ ಆಗಿದ್ದರು. ಲಂಡನ್ನಿನ ಬಸ್ ಗ್ಯಾರೇಜುಗಳ ಕೆಲಸಗಾರರನ್ನು 1950ರಿಂದ 1974ರವರೆಗೆ ಗಮನಿಸಿದ ಅಧ್ಯಯನದಲ್ಲಿ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಲಂಡನ್ನಿನ ಇತರ ಗಂಡಸರಿಗಿಂತ ಹೆಚ್ಚೇನೂ ಬಂದಂತೆ ಕಾಣಲಿಲ್ಲ. ಎರಡನೆಯ ಬಿಡುಗಡೆ! ಆದರೆ ಆ ಅಧ್ಯಯನದಲ್ಲಿ ಕೆಲಸ ಬಿಟ್ಟು ಹೋದವರನ್ನೂ ನಿವೃತ್ತರಾದವರನ್ನೂ ಹಿಂಬಾಲಿಸಿರಲಿಲ್ಲ. ಕಾಯಿಲೆಯಾದವನು ಕೆಲಸ ಬಿಡುತ್ತಾನೆ, ಕೆಲಸದಲ್ಲಿ ಉಳಿದವನು ಗಟ್ಟಿಯಾಗಿರುತ್ತಾನೆ. ದುಡಿಯುವವರನ್ನು ದುಡಿಯಲಾಗದವರೂ ಸೇರಿರುವ ಇಡೀ ಜನಸಂಖ್ಯೆಗೆ ಹೋಲಿಸಿದಾಗ ಬರುವ ಈ ದೋಷ ಸಂಖ್ಯಾಶಾಸ್ತ್ರದ ತರಗತಿಗೆ ಒಳ್ಳೆಯ ಉದಾಹರಣೆ. ಅಮೆರಿಕದಲ್ಲಿ 55 ಸಾವಿರಕ್ಕೂ ಹೆಚ್ಚು ರೈಲ್ವೆ ಕೆಲಸಗಾರರನ್ನು ಹಿಂಬಾಲಿಸಿ 1988ರಲ್ಲಿ ಬಂದ ವರದಿ ಬೇರೆ ಉತ್ತರ ಕೊಟ್ಟಿತು. ಅವರೆಲ್ಲರೂ ಗಂಡಸರು. ಆ ವರ್ಷವೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆಯನ್ನು "ಬಹುಶಃ ಕ್ಯಾನ್ಸರ್‌ಕಾರಕ" ಎಂಬ ಪಟ್ಟಿಗೆ ಸೇರಿಸಿತು. "ಬಹುಶಃ" ಎಂಬ ಮಾತು ಅಳಿಯಲು 24 ವರ್ಷ ಬೇಕಾಯಿತು. 12,315 ಗಣಿ ಕೆಲಸಗಾರರ ಅಧ್ಯಯನವೊಂದು ಹೊರಬಂದ ಬೆನ್ನಲ್ಲೇ, 2012ರ ಜೂನ್‌ನಲ್ಲಿ, ಡೀಸೆಲ್ ಹೊಗೆ ಮೊದಲನೆಯ ವರ್ಗಕ್ಕೆ, ಅಂದರೆ ತಂಬಾಕಿನ ಸಾಲಿಗೆ ಹೋಯಿತು. ಹೊರಾಂಗಣದ ವಾಯುಮಾಲಿನ್ಯವನ್ನೇ ಒಟ್ಟಾಗಿ ಅದೇ ವರ್ಗಕ್ಕೆ ಸೇರಿಸಿದ್ದು 2013ರ ಅಕ್ಟೋಬರ್‌ನಲ್ಲಿ. ವರ್ಗ ಒಂದೇ ಎಂದ ಮಾತ್ರಕ್ಕೆ ಅಪಾಯದ ಪ್ರಮಾಣ ಒಂದೇ ಅಲ್ಲ. ಸಾಕ್ಷ್ಯದ ಖಚಿತತೆ ಒಂದೇ ಮಟ್ಟದ್ದು ಎಂದಷ್ಟೇ ಅರ್ಥ. ಪತ್ರಿಕೆಗಳ ತಲೆಬರಹದಲ್ಲಿ ಈ ಭೇದ ಮಾಯವಾಗಿಬಿಡುತ್ತದೆ.

ಅಷ್ಟರಲ್ಲಿ ಪ್ರಶ್ನೆಯೇ ಬದಲಾಗಿತ್ತು. 1993ರಲ್ಲಿ ಹಾರ್ವರ್ಡ್‌ನ ಡಗ್ಲಸ್ ಡಾಕರಿ ಮತ್ತು ಸಂಗಡಿಗರು ಅಮೆರಿಕದ ಆರು ಊರುಗಳ 8,111 ವಯಸ್ಕರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಹಿಂಬಾಲಿಸಿದ ವರದಿ ಪ್ರಕಟಿಸಿದರು. ಧೂಮಪಾನ ಮೊದಲಾದವನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೂ ಅತಿ ಮಲಿನ ಊರಿನಲ್ಲಿ ಸಾವಿನ ದರ ಅತಿ ಶುದ್ಧ ಊರಿಗಿಂತ ಶೇ. 26ರಷ್ಟು ಹೆಚ್ಚಿತ್ತು. ಹೆಚ್ಚು ಹೊಂದಾಣಿಕೆ ಕಂಡದ್ದು ನವಿರು ಕಣಗಳೊಡನೆ. 2.5 ಮೈಕ್ರೊಮೀಟರಿಗಿಂತ ಚಿಕ್ಕದಾದ, ಅಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಭಾಗದಷ್ಟಿರುವ ಕಣಗಳಿವು. ವಾಹನದ ಹೊಗೆ ಇವುಗಳ ಒಂದು ಮೂಲ ಮಾತ್ರ. ವಿದ್ಯುತ್ ಸ್ಥಾವರ, ಕಾರ್ಖಾನೆ, ಒಲೆ, ಬೆಂಕಿ ಎಲ್ಲವೂ ಪಾಲುದಾರರೇ. ಅಚ್ಚರಿಯೆಂದರೆ ಈ ಹೆಚ್ಚುವರಿ ಸಾವುಗಳಲ್ಲಿ ಕ್ಯಾನ್ಸರಿನವು ಕೆಲವೇ. ಬಹುಪಾಲು ಹೃದಯ ಮತ್ತು ಶ್ವಾಸಕೋಶಗಳ ಇತರ ರೋಗಗಳಿಂದ ಆದವು. 1950ರಲ್ಲಿ ಮೋಟಾರು ಬಿಡುಗಡೆಯಾದದ್ದು ಒಂದು ಆರೋಪದಿಂದ. ಹೃದಯದ ಆರೋಪವನ್ನು ಅದರ ಮೇಲೆ ಯಾರೂ ಹೊರಿಸಿಯೇ ಇರಲಿಲ್ಲ.

ಸಿಗರೇಟಿನ ಹೊಗೆಪರದೆಯನ್ನು ಪೂರ್ತಿ ಸರಿಸಿ ನೋಡಲು ಒಂದು ಅವಕಾಶ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿತು. ಅಲ್ಲಿನ ಸೆವೆಂತ್-ಡೇ ಅಡ್ವೆಂಟಿಸ್ಟ್ ಪಂಥದವರು ಧರ್ಮದ ಕಟ್ಟಳೆಯಂತೆ ಧೂಮಪಾನ ಮಾಡುವುದಿಲ್ಲ. 1977ರಿಂದ ಅವರಲ್ಲಿ ಸಾವಿರಾರು ಮಂದಿಯನ್ನು ಹಿಂಬಾಲಿಸಿದರು. 1998ರ ವರದಿಯಲ್ಲಿ ಓಜೋನ್ ಮತ್ತು ಕಣಗಳಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಗಂಡಸರಲ್ಲಿ ಎದ್ದುಕಾಣುವ ನಂಟು ತೋರಿತು. 2005ರ ವರದಿ ಹೃದಯವನ್ನು ನೋಡಿತು. ಘನಮೀಟರಿಗೆ 10 ಮೈಕ್ರೊಗ್ರಾಮ್ ನವಿರು ಕಣ ಹೆಚ್ಚಾದರೆ ಹೃದಯದ ರಕ್ತನಾಳಗಳ ರೋಗದಿಂದ ಸಾಯುವ ಅಪಾಯ ಹೆಂಗಸರಲ್ಲಿ 1.42 ಪಟ್ಟಾಯಿತು. ಗಂಡಸರಲ್ಲಿ ಅಂಥ ನಂಟು ಕಾಣಲೇ ಇಲ್ಲ! 2007ರ ಫೆಬ್ರವರಿಯಲ್ಲಿ ಇನ್ನೂ ದೊಡ್ಡ ಸಾಕ್ಷ್ಯ ಬಂತು. ಅಮೆರಿಕದ 36 ಮಹಾನಗರ ಪ್ರದೇಶಗಳಲ್ಲಿ, ಋತುಬಂಧದ ವಯಸ್ಸು ದಾಟಿದ, ಅಧ್ಯಯನಕ್ಕೆ ಸೇರುವಾಗ ಹೃದ್ರೋಗವಿಲ್ಲದಿದ್ದ 65,893 ಮಹಿಳೆಯರನ್ನು ಗಮನಿಸಿದಾಗ, ಅಷ್ಟೇ ಕಣಗಳ ಏರಿಕೆಗೆ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಘಟನೆಗಳು ಶೇ. 24ರಷ್ಟು, ಅವುಗಳಿಂದಾಗುವ ಸಾವು ಶೇ. 76ರಷ್ಟು ಹೆಚ್ಚಿದವು. ಗಂಡು-ಹೆಣ್ಣು ಸೇರಿದ ಹಿಂದಿನ ಅಧ್ಯಯನಗಳು ತೋರಿಸಿದ್ದಕ್ಕಿಂತ ಇದು ಬಹಳ ಹೆಚ್ಚು. ಆ ಮಹಿಳೆಯರು ಉಸಿರಾಡಿದ ಗಾಳಿಯಲ್ಲಿ ನವಿರು ಕಣಗಳ ಸರಾಸರಿ 13.5 ಮೈಕ್ರೊಗ್ರಾಮ್. ನಮ್ಮ ದೇಶದ 2009ರ ಮಾನಕ ಒಪ್ಪುವ ವಾರ್ಷಿಕ ಮಿತಿಯೇ 40. ರಸ್ತೆಯನ್ನೇ ನೇರವಾಗಿ ಅಳೆದ ಲೆಕ್ಕ 2014ರಲ್ಲಿ ಬಂತು. ಒಂದು ಲಕ್ಷಕ್ಕೂ ಹೆಚ್ಚು ದಾದಿಯರ ಅಧ್ಯಯನದಲ್ಲಿ, ಹೆದ್ದಾರಿಯಂಥ ದೊಡ್ಡ ರಸ್ತೆಯಿಂದ 50 ಮೀಟರಿನೊಳಗೆ ಮನೆಯಿದ್ದವರಿಗೆ 500 ಮೀಟರ್ ಆಚೆಯವರಿಗಿಂತ ಹೃದಯ ಹಠಾತ್ತನೆ ನಿಂತು ಸಾಯುವ ಅಪಾಯ ಶೇ. 38ರಷ್ಟು ಹೆಚ್ಚಿತ್ತು.

ಅರ್ಧ ಶತಮಾನದ ಹಿಂದೆ ಗಂಡು-ಹೆಣ್ಣಿನ ವ್ಯತ್ಯಾಸ ವಾಹನವನ್ನು ಬಿಡಿಸಿತ್ತು. ಈಗ ಅದೇ ವ್ಯತ್ಯಾಸ ತಿರುಗಿ ನಿಂತಿತು. ಹಾಗಾದರೆ ಹೆಣ್ಣಿನ ದೇಹವೇ ಹೊಗೆಗೆ ಹೆಚ್ಚು ಮಣಿಯುತ್ತದೆಯೆ? ಒಂದೇ ಗಾತ್ರದ ಶ್ವಾಸಕೋಶಗಳನ್ನು ಹೋಲಿಸಿದರೂ ಹೆಂಗಸರ ದೊಡ್ಡ ಶ್ವಾಸನಾಳಗಳ ಒಳವ್ಯಾಸ ಸರಾಸರಿ ಚಿಕ್ಕದು. ಕಣಗಳು ಎಲ್ಲಿ, ಎಷ್ಟು ಕೂರುತ್ತವೆ ಎಂಬುದು ಅದರಿಂದ ಬದಲಾಗುತ್ತದೆ. ಹಾರ್ಮೋನುಗಳ ಪಾತ್ರವೂ ಇರಬಹುದು. ಆದರೆ ಅವಸರ ಬೇಡ. ಜೇನ್ ಕ್ಲೌಹರ್ಟಿ 2010ರ ತಮ್ಮ ವಿಮರ್ಶೆಯಲ್ಲಿ ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕೆಂದರು: ದೇಹದಿಂದ ಬಂದ ಭೇದ ಒಂದು, ಸಮಾಜ ಹಂಚಿದ ಕೆಲಸದಿಂದ ಬಂದ ಭೇದ ಇನ್ನೊಂದು. ಈ ಅಧ್ಯಯನಗಳಲ್ಲಿ ಯಾರ ಮೂಗಿಗೂ ಯಂತ್ರ ಕಟ್ಟಿರಲಿಲ್ಲ. ಮನೆಯ ವಿಳಾಸಕ್ಕೆ ಹತ್ತಿರದ ಮಾಪನ ಕೇಂದ್ರದ ಅಂಕಿಯನ್ನೋ ರಸ್ತೆಯ ದೂರವನ್ನೋ ಆ ವ್ಯಕ್ತಿಯ ಲೆಕ್ಕಕ್ಕೆ ಬರೆದುಕೊಳ್ಳಲಾಗಿತ್ತು. ದಿನದ ಹೆಚ್ಚು ಹೊತ್ತು ಮನೆಯ ಸುತ್ತಮುತ್ತ ಇರುವ ಹೆಂಗಸಿಗೆ ಈ ಅಂಕಿ ಹೆಚ್ಚು ಸರಿಹೊಂದುತ್ತದೆ. ಮೂವತ್ತು ಕಿಲೋಮೀಟರ್ ದೂರ ದುಡಿಯಲು ಹೋಗುವ ಗಂಡಸಿಗೆ ಅದು ತಪ್ಪು ಅಂಕಿ. ತಪ್ಪು ಅಂಕಿ ಸೇರಿದಾಗ ನಿಜವಾದ ನಂಟೂ ಮಸುಕಾಗುತ್ತದೆ. ಗಂಡಸರಲ್ಲಿ "ಕಾಣಲಿಲ್ಲ" ಎಂದರೆ "ಇಲ್ಲ" ಎಂದಲ್ಲ. ದಿನವಿಡೀ ವಾಹನಗಳ ಮಧ್ಯೆ ಇರುವ ಗಂಡಸರನ್ನು ನೇರವಾಗಿ ಪರೀಕ್ಷಿಸಿದಾಗ ಬೇರೆ ಹಾನಿಗಳೂ ಕಂಡಿವೆ. ಇಟಲಿಯ ನೇಪಲ್ಸ್ ಬಳಿ ಹೆದ್ದಾರಿಯ ಸುಂಕದ ಕಟ್ಟೆಗಳಲ್ಲಿ ದುಡಿಯುವ 85 ಗಂಡಸರನ್ನು ಅದೇ ಪ್ರದೇಶದ ಬೇರೆ 85 ಮಂದಿಯೊಡನೆ ಹೋಲಿಸಿದ 2003ರ ವರದಿಯಲ್ಲಿ, ಕಟ್ಟೆಯವರ ವೀರ್ಯಾಣುಗಳ ಚಲನಶಕ್ತಿ ಕಡಿಮೆಯಿತ್ತು. ಇನ್ನು 2019ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕರು ಬಸುರಿಯರ ಮಾಸಿನಲ್ಲಿ, ಅದೂ ಭ್ರೂಣದ ಕಡೆಯ ಭಾಗದಲ್ಲಿ, ಹೊಗೆಯ ಕಪ್ಪು ಇಂಗಾಲದ ಕಣಗಳನ್ನು ಕಂಡರು. ಅಲ್ಲಿ ಗಂಡೆಂದೂ ಹೆಣ್ಣೆಂದೂ ಲೆಕ್ಕವಿಲ್ಲ.

ಡಾಲ್ ಮತ್ತು ಹಿಲ್ ಪಕ್ಕಕ್ಕಿಟ್ಟ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ನಮ್ಮ ದೇಶದ ಒಬ್ಬ ವೈದ್ಯೆ ಇದ್ದರು. ಹೃದ್ರೋಗ ತಜ್ಞೆ ಎಸ್. ಪದ್ಮಾವತಿ ದೆಹಲಿಯಲ್ಲಿ ಶ್ವಾಸಕೋಶದ ದೀರ್ಘ ಕಾಯಿಲೆಯಿಂದ ಹೃದಯದ ಬಲಭಾಗ ಹಿಗ್ಗಿ ಸೋತ 127 ರೋಗಿಗಳನ್ನು ಅಧ್ಯಯನ ಮಾಡಿ 1959ರಲ್ಲಿ ವರದಿ ಬರೆದರು. ಪಶ್ಚಿಮದ ಪಠ್ಯಗಳಲ್ಲಿ ಅದು ಧೂಮಪಾನಿ ಗಂಡಸರ ರೋಗ. ದೆಹಲಿಯಲ್ಲಿ ಧೂಮಪಾನ ಅಪರೂಪವಾಗಿದ್ದ ಹೆಂಗಸರಲ್ಲೂ ಅದು ಧಾರಾಳವಾಗಿತ್ತು, ಗಂಡಸರಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುತ್ತಿತ್ತು. ಅನುಮಾನ ಹೋದದ್ದು ಅಡುಗೆಮನೆಯ ಹೊಗೆಯ ಕಡೆಗೆ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಂತೆ ಭಾರತದಲ್ಲಿ ಬೀಡಿ ಸಿಗರೇಟು ಸೇದುವವರು ಗಂಡಸರಲ್ಲಿ ಶೇ. 19, ಹೆಂಗಸರಲ್ಲಿ ಶೇ. 2. ಹಾಗಾಗಿ ಶ್ವಾಸಕೋಶ ಕೆಟ್ಟ ಹೆಂಗಸಿನ ಮುಂದೆ ಇಲ್ಲಿಯ ವೈದ್ಯರು ಮೊದಲು ಕೇಳಬೇಕಾದ್ದು ಗಾಳಿಯ ವಿಚಾರ.

ಆ ಗಾಳಿಯೂ ಈಗ ಸ್ಥಳ ಬದಲಿಸುತ್ತಿದೆ. 2016ರಿಂದ ಉಜ್ವಲಾ ಯೋಜನೆ ಅನೇಕ ಮನೆಗಳಿಗೆ ಗ್ಯಾಸ್ ಒಲೆ ತಂದಿತು. ಕರ್ನಾಟಕದಲ್ಲಿ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ಹತ್ತುವ ಹೆಂಗಸರ ಸಂಖ್ಯೆ ಏರಿತು. ಅದು ಸಂತೋಷದ ಸಂಗತಿ. ಆದರೆ ಬೆಳಿಗ್ಗೆ ಸೌದೆ ಒಲೆ ಊದಿ, ಆಮೇಲೆ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗಲು ತುಮಕೂರು ರಸ್ತೆಯ ಬದಿಯಲ್ಲಿ ನಿಲ್ಲುವ ಹೆಂಗಸಿನ ಲೆಕ್ಕವನ್ನು ಲಂಡನ್ನಿನ ಅಥವಾ ಕ್ಯಾಲಿಫೋರ್ನಿಯಾದ ಕೋಷ್ಟಕದಿಂದ ಎತ್ತಿ ಬರೆಯಲಾಗದು.

ಅಧ್ಯಾಪಕರು ಇದನ್ನು ತರಗತಿಯಲ್ಲೇ ಶುರು ಮಾಡಬಹುದು. ಪ್ರತಿ ವಿದ್ಯಾರ್ಥಿಯೂ ಮನೆಯ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನ ಒಂದು ದಿನವನ್ನು ಅರ್ಧ ಗಂಟೆಗೊಂದು ಸಾಲಿನಂತೆ ಬರೆಯಲಿ: ಒಲೆಯ ಮುಂದೆ, ಬಸ್ ನಿಲ್ದಾಣದಲ್ಲಿ, ಸ್ಕೂಟರಿನ ಮೇಲೆ, ಹೊಲದಲ್ಲಿ, ಒಳಗೆ. ಸುಮ್ಮನೆ ಕುಳಿತಾಗ ನಾವು ನಿಮಿಷಕ್ಕೆ ಆರರಿಂದ ಎಂಟು ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ, ಬಿರುಸಾಗಿ ನಡೆಯುವಾಗ ಅದರ ಮೂರು ನಾಲ್ಕು ಪಟ್ಟು. ಹೊಗೆಯ ಸಾಂದ್ರತೆ, ಕಳೆದ ಹೊತ್ತು, ಎಳೆದ ಗಾಳಿ – ಈ ಮೂರನ್ನೂ ಗುಣಿಸಿದರೆ ಒಬ್ಬರ ಪಾಲಿಗೆ ಬಂದ ಹೊಗೆ. ಸಾಂದ್ರತೆ ಅಳೆಯಲು ಉಪಕರಣವಿಲ್ಲದಿದ್ದರೆ ಹೆಚ್ಚು, ಮಧ್ಯಮ, ಕಡಿಮೆ ಎಂದು ಮೂರು ಅಂಕ ಕೊಟ್ಟುಕೊಂಡರೂ ಸಾಕು. ಮೂವತ್ತು ಮನೆಗಳ ಹಾಳೆಗಳನ್ನು ಗಂಡು-ಹೆಣ್ಣು ಎಂದು ಎರಡು ಕಂತೆ ಮಾಡಿ ಪಕ್ಕಪಕ್ಕದಲ್ಲಿಟ್ಟು ನೋಡಲಿ.